ಒಂದು ಸರ್ವರ್ ಕೆಟ್ಟರೂ ಇನ್ನೊಂದಿದೆಯಲ್ಲ, ಸಾಲದೇ?

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಘಟಕಕ್ಕೆ ಎರಡು ಸರ್ವರ್ ಸಾಕೇ, ವೇಗವನ್ನೂ ವಿಶ್ವಾಸಾರ್ಹತೆಯನ್ನೂ ಬೇರೆಬೇರೆ ಅಳೆದರಾಗದೇ ಎಂದು ಕೇಳಿದ್ದೀರಿ. ಆಗುವುದಿಲ್ಲ.

ಒಂದೊಂದು ಸರ್ವರ್ ನಿಮಿಷಕ್ಕೆ 60 ವಿನಂತಿ ನಿಭಾಯಿಸುತ್ತದೆ, ಸರಾಸರಿ 1000 ಗಂಟೆ ನಡೆದು ಕೆಡುತ್ತದೆ, ಬೆಂಗಳೂರಿನಿಂದ ಬಿಡಿಭಾಗ ಬಂದು ರಿಪೇರಿಯಾಗಲು 50 ಗಂಟೆ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಒಂದರ ಲಭ್ಯತೆ, ಅಂದರೆ ಒಟ್ಟು ಕಾಲದಲ್ಲಿ ಅದು ನಡೆಯುತ್ತಿರುವ ಪಾಲು, 1000/1050, ಅಂದರೆ 95.24%. ಒಂದರ ದೋಷ ಇನ್ನೊಂದಕ್ಕೆ ತಾಗದಿದ್ದರೆ ಈ ಪಾಲುಗಳನ್ನು ಗುಣಿಸಬಹುದು: ಎರಡೂ ನಡೆಯುವ ಕಾಲ 90.70%, ಒಂದೇ ನಡೆಯುವುದು 9.07%, ಎರಡೂ ನಿಲ್ಲುವುದು 0.23%. ‘ಒಂದಾದರೂ ಇದೆ’ ಎಂದು ನೋಡಿದರೆ 99.77%, ಕೇಳಲು ಹಿತ. ಆದರೆ ಕೊಯ್ಲಿನ ದಿನಗಳಲ್ಲಿ ನಿಮಿಷಕ್ಕೆ 100 ವಿನಂತಿ ಬಂದರೆ ನಂಬಬೇಕಾದ ಅಂಕಿ 90.70% ಮಾತ್ರ. ಒಂದೇ ಸರ್ವರ್ ಇದ್ದಾಗ ಸರದಿ ನಿಮಿಷಕ್ಕೆ 40ರಂತೆ ಬೆಳೆದು ಎರಡು ಗಂಟೆಯಲ್ಲಿ 4800 ಆಗುತ್ತದೆ. ರಿಪೇರಿ ಬೇಗನೆ ಮುಗಿದು ಆಗಲೇ ಇನ್ನೊಂದು ಮರಳಿದರೂ ಮಿಗುವ ಸಾಮರ್ಥ್ಯ ನಿಮಿಷಕ್ಕೆ 20 ತಾನೇ, ಬಾಕಿ ಕರಗಲು ಮತ್ತೆ 4 ಗಂಟೆ ಬೇಕು!

ಪ್ರತಿ ಸ್ಥಿತಿಯ ಸಂಭವನೀಯತೆಯನ್ನು ಆ ಸ್ಥಿತಿಯ ಸಾಮರ್ಥ್ಯದ ಜೊತೆಗೇ ತೂಗುವ ಈ ಕ್ರಮಕ್ಕೆ ಪರ್ಫಾರ್ಮಬಿಲಿಟಿ ಎನ್ನುತ್ತಾರೆ.

ಎರಡೂ ಸರ್ವರ್ ಒಂದೇ ಯುಪಿಎಸ್ ಮೇಲಿದ್ದರೆ ಮೇಲಿನ ಗುಣಾಕಾರ ನಿಲ್ಲದು. ಯುಪಿಎಸ್ ಕೆಟ್ಟರೆ ಎರಡೂ ಒಟ್ಟಿಗೇ ಹೋಗುತ್ತವೆ. ಮೊದಲು ಎರಡಕ್ಕೂ ಬೇರೆಬೇರೆ ಯುಪಿಎಸ್ ಕೊಡಿ. ಆಮೇಲೆ, ಕೊಯ್ಲಿಗೆ ಮುಂಚೆಯೇ, ನಿಮಿಷಕ್ಕೆ 100 ವಿನಂತಿ ಹರಿಯುತ್ತಿರುವಾಗಲೇ ಒಂದರ ಪ್ಲಗ್ ಕಿತ್ತು ಸರದಿಯನ್ನು ಅಳೆಯಿರಿ.