ಬಾತ್‌ರೂಮಿನ ಉಬ್ಬಿದ ನೆಲಕ್ಕೆ ಪ್ಲೈವುಡ್ಡಾ, ಓಎಸ್‌ಬಿನಾ?

ನ್ಯೂಜೆರ್ಸಿಯ 1974ರ ಮನೆ, ಕಮೋಡ್ ಸುತ್ತ ನೆಲ ಉಬ್ಬಿ ಮೆತ್ತಗಾಗಿದೆ ಅಂತ ಫೋಟೋ ಕಳಿಸಿದ್ದೀರಿ. ಟೈಲ್ ಹಾಕುವ ಮೊದಲು ಕೆಳಗೆ ಪ್ಲೈವುಡ್ ಹಾಕಲಾ, ಓಎಸ್‌ಬಿ (ಮರದ ಚಕ್ಕೆಗಳನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ) ಹಾಕಲಾ ಅಂತ ಕೇಳಿದ್ದೀರಿ. ಹೆಚ್ಚಾಗಿ ವಿನೈಲ್ (ಪ್ಲಾಸ್ಟಿಕ್ ನೆಲಹಾಸು) ಕೆಳಗಿನ ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಪುಡಿ ಒತ್ತಿ ಮಾಡಿದ ಹಲಗೆ, ನೀರು ಕುಡಿದಿದೆ. ಅದು ನೆನೆಸಿದ ಅವಲಕ್ಕಿಯ ಹಾಗೆ ಊದುತ್ತದೆ, ಒಣಗಿದರೂ ಮೊದಲಿನಂತಾಗಲ್ಲ. ಅದರ ಮೇಲೇ ಟೈಲ್ ಹಾಕುವುದು ಬೇಡವೇ ಬೇಡ.

ಕೀಳುವ ಮೊದಲು ವಿನೈಲ್ ಮತ್ತು ಅದರ ಅಂಟನ್ನು ಆಸ್ಬೆಸ್ಟಾಸ್ ಪರೀಕ್ಷೆಗೆ ಕೊಡಿ; ಹಳೆಯ ನೆಲಹಾಸುಗಳಲ್ಲಿ ಇರುತ್ತಿದ್ದ ಈ ನಾರಿನ ಧೂಳು ಉಸಿರಿಗೆ ಹೋದರೆ ಶ್ವಾಸಕೋಶಕ್ಕೆ ಅಪಾಯ. ಮಾದರಿ ತೆಗೆಯಲು ಪಳಗಿದವರನ್ನೇ ಕರೆಸಿ. ರಿಪೋರ್ಟ್ ಬರುವವರೆಗೆ ಕೆರೆಯಬೇಡಿ, ಉಜ್ಜಬೇಡಿ. ಮನೆಯಲ್ಲಿ ಮಗು ಬೇರೆ ಇದೆ ಅಲ್ವಾ, ದಯವಿಟ್ಟು ಇದನ್ನು ಬಿಡಬೇಡಿ.

ಆಮೇಲೆ ಸೋರಿಕೆ ನಿಲ್ಲಿಸಿ. ನನ್ನ ಅನುಮಾನ ಕಮೋಡಿನ ವ್ಯಾಕ್ಸ್ ರಿಂಗ್ (ಕಮೋಡ್ ಮತ್ತು ಪೈಪಿನ ನಡುವೆ ನೀರು ಸೋರದಂತೆ ತಡೆಯುವ ಮೇಣದ ಬಳೆ) ಮೇಲೆ. ಜಾಯ್ಸ್ಟ್‌ಗಳು (ನೆಲವನ್ನು ಹೊರುವ ಮರದ ತೊಲೆಗಳು) ಫೋಟೋದಲ್ಲಿ ಕಾಣುತ್ತಿಲ್ಲ, ಹಾಗಾಗಿ ನೀವೇ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಒಳಗಿಳಿದರೆ ಮರ ಕೊಳೆತಿದೆ, ಮೊದಲು ಅದನ್ನು ಸರಿಮಾಡಿಸಿ.

ಓಎಸ್‌ಬಿ ಅಗ್ಗ, ಗಟ್ಟಿಯೂ ಹೌದು. ಬೆಡ್‌ರೂಮಿಗಾದರೆ ಅದನ್ನೇ ಹೇಳುತ್ತಿದ್ದೆ. ಆದರೆ ನೆನೆದಾಗ ಅದರ ಅಂಚು ಉಬ್ಬಿಕೊಳ್ಳುತ್ತದೆ, ಪೂರ್ತಿ ಇಳಿಯಲ್ಲ, ಮೇಲಿನ ಟೈಲ್ ಬಿರುಕು ಬಿಡುತ್ತದೆ. ಬಾತ್‌ರೂಮಿಗೆ ಸ್ವಲ್ಪ ಜಾಸ್ತಿ ಕೊಟ್ಟು ಮುಕ್ಕಾಲು ಅಂಗುಲದ ಟಂಗ್ ಅಂಡ್ ಗ್ರೂವ್ (ಒಂದರ ಅಂಚು ಇನ್ನೊಂದರ ಗಾಡಿಯೊಳಗೆ ಕೂರುವ) ಪ್ಲೈವುಡ್ಡೇ ತನ್ನಿ. ಹಾಳೆಯ ಮೇಲೆ ‘ಎಕ್ಸ್‌ಪೋಷರ್ 1’ ಮುದ್ರೆ ಇರಲಿ; ಕೆಲಸ ನಡೆಯುವಾಗ ಸ್ವಲ್ಪ ಕಾಲ ನೆನೆದರೂ ಅಂಟು ಬಿಡದ ದರ್ಜೆ ಅದು.

ಹಾಳೆಯ ಉದ್ದ ಜಾಯ್ಸ್ಟ್‌ಗೆ ಅಡ್ಡವಾಗಿ ಬರಬೇಕು. ಜಾಯ್ಸ್ಟ್ ಮೇಲೆ ಸಬ್‌ಫ್ಲೋರ್ (ಟೈಲ್ ಕೆಳಗಿನ ಮರದ ನೆಲ) ಅಂಟು ಹಚ್ಚಿ, ಅಂಚಿನಲ್ಲಿ 6 ಅಂಗುಲಕ್ಕೊಂದು, ನಡುವೆ 12 ಅಂಗುಲಕ್ಕೊಂದು ಸ್ಕ್ರೂ ಹಾಕಿ. ಹಾಳೆಗಳ ನಡುವೆ 1/8 ಅಂಗುಲ ಸಂದು ಬಿಡಿ. ಜಾಯ್ಸ್ಟ್‌ಗಳ ಅಂತರ 16 ಅಂಗುಲಕ್ಕಿಂತ ಜಾಸ್ತಿ ಇದ್ದರೆ, ಟೈಲ್‌ಗೆ ಮುಂಚೆ ಇನ್ನೊಂದು ಪದರ ಪ್ಲೈವುಡ್ ಬೇಕಾಗಬಹುದು. ಅಂಗಡಿಗೆ ಹೋಗುವ ಮೊದಲೇ ಆ ಅಂತರ ಅಳೆದುಕೊಳ್ಳಿ.