ನಾವಿಬ್ಬರೂ ಇರುವುದು ಇಂಗ್ಲೆಂಡಿನಲ್ಲಿ. ಮೇ ತಿಂಗಳಲ್ಲಿ ಶಿರಸಿಯಲ್ಲಿ ಮದುವೆ, ರಿಜಿಸ್ಟರ್ ಆಮೇಲೆ ಇಂಗ್ಲೆಂಡಿನಲ್ಲಿ. ಹುಡುಗನ ಮನೆತನದ ‘ಸರ್’ ಬಿರುದು ಮುಂದೆ ನಮ್ಮ ಮಕ್ಕಳಿಗೆ ಬರುತ್ತದಾ? ದತ್ತು ತೆಗೆದುಕೊಂಡರೆ ಆ ಮಗುವಿಗೆ? ಮಾವನವರಿಂದ ವಿಲ್ ಬರೆಸಿಕೊಳ್ಳಬೇಕಾ?

ತಂಗಿ, ನಿಮ್ಮ ಪ್ರಶ್ನೆಯಲ್ಲಿ ‘ರಿಜಿಸ್ಟರ್ ಆಮೇಲೆ’ ಅನ್ನುವುದನ್ನು ಓದಿ ಎದೆ ಧಸಕ್ಕೆಂದಿತು. ವಿಲ್ಲು, ಲಾಯರು ಎಲ್ಲ ಆಮೇಲೆ. ಮೊದಲು ನನ್ನ ಕಥೆ ಕೇಳಿ.

1996ರ ಮೇ ತಿಂಗಳು, ಧಾರವಾಡ. ನಮ್ಮ ಮನೆ ಮುಂದೆ ಹಂದರ ಹಾಕಿತ್ತು. ಹುಡುಗ ಇಂಗ್ಲಿಷಿನವನು, ಬ್ಯಾರನೆಟ್ (ವಂಶದಲ್ಲಿ ಇಳಿದು ಬರುವ ‘ಸರ್’ ಬಿರುದು ಇರುವವರು) ಒಬ್ಬರ ಹಿರಿಯ ಮಗ. ಇಬ್ಬರೂ ಲೀಡ್ಸ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೆವು, ಮೂರು ವಾರದ ರಜೆ ಹಾಕಿ ಬಂದಿದ್ದೆವು. ಅವನು ಕ್ರೈಸ್ತನಾದ್ದರಿಂದ ಹಿಂದೂ ವಿವಾಹ ಕಾಯ್ದೆ ನಮಗೆ ಅನ್ವಯಿಸುವುದಿಲ್ಲ, ಕ್ರೈಸ್ತ ಮದುವೆ ಬೇಡವೆಂದರೆ 1954ರ ವಿಶೇಷ ವಿವಾಹ ಕಾಯ್ದೆಯಡಿ ಆಗಬೇಕು. ಅದಕ್ಕೆ ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದಿರಬೇಕು, ನೋಟಿಸ್ ಕೊಟ್ಟ ಮೇಲೆ ಮತ್ತೆ 30 ದಿನ ಕಾಯಬೇಕು. ಕಚೇರಿಯ ಗುಮಾಸ್ತರು ನಮ್ಮಪ್ಪನಿಗೆ ಇದನ್ನೆಲ್ಲ ಬಿಡಿಸಿ ಹೇಳಿದ್ದರು. ಅಪ್ಪ ಮನೆಗೆ ಬಂದು, “ಕಾಗದದ ಮದುವಿ ಅಲ್ಲೇ ಹೋಗಿ ಮಾಡ್ಕೋರಿ, ಅಕ್ಕಿಕಾಳು ಇಲ್ಲಿ ಬೀಳಲಿ” ಅಂದರು. ನಾವೂ ಹೂಂ ಅಂದೆವು.

ಆ ‘ಹೂಂ’ ನನ್ನ ತಪ್ಪಲ್ಲ. ಲೀಡ್ಸ್‌ಗೆ ವಾಪಸ್ಸು ಹೋದ ಮೇಲೆ ಏನೂ ಮಾಡದೆ ಕೂತದ್ದು ತಪ್ಪು. ಮೊದಲು ಅವನ ಥೀಸಿಸ್ ಮುಗಿಯಲಿ ಎಂದೆವು. ಆಮೇಲೆ ನನ್ನದು. ಆಮೇಲೆ ಅವನ ಕೆಲಸ. ತಾಳಿ ಕೊರಳಲ್ಲಿತ್ತು, ಎರಡೂ ಮನೆಯವರ ಕಣ್ಣಲ್ಲಿ ನಾವು ಗಂಡ ಹೆಂಡತಿ, ಯಾರಿಗೆ ಅವಸರ? 1998ರಲ್ಲಿ ಹಿರಿಯವನು ಹುಟ್ಟಿದ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರೆ ಮದುವೆಯ ಸರ್ಟಿಫಿಕೇಟ್ ಕೇಳಿದರು. ಆಗಿನ ನಿಯಮದಲ್ಲಿ ತಂದೆ ಬ್ರಿಟಿಷನಾದರೂ ಮದುವೆಯಾಗಿಲ್ಲದಿದ್ದರೆ ಅವನ ಪೌರತ್ವ ಮಗುವಿಗೆ ಇಳಿಯುತ್ತಿರಲಿಲ್ಲ. ಅದು ಬದಲಾದದ್ದು 2006ರ ಜುಲೈಯಲ್ಲಿ. ಗಾಬರಿಬಿದ್ದು ರಿಜಿಸ್ಟರ್ ಆಫೀಸಿಗೆ ಓಡಿದೆವು. ಎಂಟು ತಿಂಗಳ ಮಗುವನ್ನು ಕಂಕುಳಲ್ಲಿಟ್ಟುಕೊಂಡೇ ಸಹಿ ಹಾಕಿದೆ. ತಂದೆತಾಯಿ ಆಮೇಲೆ ಮದುವೆಯಾದರೂ ಮಗು ಸಕ್ರಮವಾಗುತ್ತದೆ ಎಂದು ಅಲ್ಲಿನ ಕಾನೂನು ಹೇಳುತ್ತದೆ. ಪಾಸ್‌ಪೋರ್ಟ್ ಬಂತು. ಎಲ್ಲ ಸರಿಹೋಯಿತು ಎಂದುಕೊಂಡೆವು. 2001ರಲ್ಲಿ ಕಿರಿಯವನೂ ಹುಟ್ಟಿದ.

ಸರಿಹೋಗಿರಲಿಲ್ಲ. 1976ರ ಲೆಜಿಟಿಮಸಿ ಕಾಯ್ದೆ ಆಮೇಲಿನ ಮದುವೆಯಿಂದ ಮಗುವಿಗೆ ಆಸ್ತಿ, ಹೆಸರು ಎಲ್ಲ ಕೊಡುತ್ತದೆ, ಬಿರುದೊಂದನ್ನು ಬಿಟ್ಟು. ಯಾಕೆಂದರೆ ಬಿರುದು ಇಳಿಯುವುದು ರಾಜ ಕೊಟ್ಟ ಪತ್ರದಲ್ಲಿ ಹೇಳಿದ ದಾರಿಯಲ್ಲಿ ಮಾತ್ರ. ಒಂದನೇ ಜೇಮ್ಸ್ 1611ರಲ್ಲಿ ಬ್ಯಾರನೆಟ್ ಪದವಿ ಶುರು ಮಾಡಿದ್ದು ಐರ್ಲೆಂಡಿನ ಸೈನ್ಯಕ್ಕೆ ದುಡ್ಡು ಕೂಡಿಸಲು. 30 ಸಿಪಾಯಿಗಳಿಗೆ ಮೂರು ವರ್ಷ ದಿನಕ್ಕೆ ಎಂಟು ಪೆನ್ಸ್‌ನಂತೆ ಸಂಬಳ, ಒಟ್ಟು 1,095 ಪೌಂಡ್ ಕಟ್ಟಿದವನಿಗೆ ‘ಸರ್’. ಅವನ ನಂತರ ಅವನ ಕಾನೂನುಬದ್ಧ ಔರಸ ಗಂಡು ಸಂತಾನಕ್ಕೆ. ನಾನೂರು ವರ್ಷವಾದರೂ ಹೆಚ್ಚುಕಡಿಮೆ ಎಲ್ಲ ಬ್ಯಾರನೆಟ್ ಮನೆಗಳಲ್ಲಿ ಅದೇ ಮಾತು ನಡೆಯುತ್ತಿದೆ.

2015ರಲ್ಲಿ ಮಾವ ತೀರಿಕೊಂಡರು. ನನ್ನ ಗಂಡ ತನ್ನ ಹೆಸರು ಬ್ಯಾರನೆಟ್‌ಗಳ ಅಧಿಕೃತ ಪಟ್ಟಿಗೆ ಸೇರಿಸಲು ದಾಖಲೆಗಳನ್ನು ಕೂಡಿಸುತ್ತಿದ್ದಾಗ ಕುಟುಂಬದ ಸಾಲಿಸಿಟರ್ (ವಕೀಲರು) ನಮ್ಮ ಮದುವೆಯ ತಾರೀಖು ನೋಡಿದರು, ಹಿರಿಯವನ ಹುಟ್ಟಿದ ತಾರೀಖು ನೋಡಿದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಒಂದು ಪ್ರಶ್ನೆ ಕೇಳಿದರು: “ಧಾರವಾಡದ ಮದುವೆ ಸಿಂಧು ಎಂದು ಆಗ ನಿಮ್ಮಲ್ಲಿ ಒಬ್ಬರಾದರೂ ನಂಬಿದ್ದಿರಾ?” ಹಾಗೆ ನಂಬಿದ್ದರೆ ಅಸಿಂಧು ಮದುವೆಯ ಮಗುವೂ ಬಿರುದಿಗೆ ಅರ್ಹ, ನಂಬಿದ್ದರು ಎಂದೇ ಕಾನೂನು ಊಹಿಸಿಕೊಳ್ಳುತ್ತದೆ, ಎದುರು ಸಾಕ್ಷಿ ಇಲ್ಲದಿದ್ದರೆ.

ಎದುರು ಸಾಕ್ಷಿ ನಾನೇ ಬರೆದಿದ್ದೆ. ಮದುವೆಗೆ ಬರಲಾಗದ ಅತ್ತೆಗೆ 1996ರಲ್ಲಿ ಕಳಿಸಿದ ನೀಲಿ ಏರೋಗ್ರಾಮ್ ಅವರ ಡ್ರಾಯರಿನಲ್ಲಿ ಹಾಗೇ ಇತ್ತು. ಮಡಿಕೆಯಲ್ಲಿ ಒಂದು ಚೂರು ಅರಿಶಿನದ ಕಲೆ. “ಇದು ನನ್ನ ಅಪ್ಪ ಅಮ್ಮನ ಸಂತೋಷಕ್ಕೆ, ಕಾನೂನಿನ ಮದುವೆ ಅಲ್ಲಿ ಬಂದು ಮಾಡಿಕೊಳ್ಳುತ್ತೇವೆ” ಎಂದು ನನ್ನದೇ ಅಕ್ಷರ. ಅದನ್ನು ಹರಿದು ಹಾಕುವ ವಿಚಾರ ಬಂದಿದ್ದು ಸುಳ್ಳಲ್ಲ. ಹಿರಿಯವನೇ ಬೇಡ ಎಂದ. ಮರುವರ್ಷ, 2016ರಲ್ಲಿ, ಸ್ಕಾಟ್ಲೆಂಡಿನ ಸ್ಟಿಚಿಲ್‌ನ ಪ್ರಿಂಗಲ್ ಮನೆತನದ ತೀರ್ಪು ಬಂತು. ಹತ್ತನೆಯ ಬ್ಯಾರನೆಟ್ ಕುಲದ ಇತಿಹಾಸ ತಿಳಿಯಲೆಂದು ಕೊಟ್ಟಿದ್ದ ಡಿಎನ್‌ಎಯಿಂದಲೇ ಅವರ ತಂದೆ ಆ ವಂಶದವರಲ್ಲ ಎಂದು ಗೊತ್ತಾಗಿ, ಪ್ರಿವಿ ಕೌನ್ಸಿಲ್‌ನ ನ್ಯಾಯಸಮಿತಿ ಬಿರುದನ್ನು ಇನ್ನೊಂದು ಶಾಖೆಗೆ ಕೊಟ್ಟಿತು. ಮೂರು ತಲೆಮಾರಿನ ಹಿಂದಿನದೂ ಹೊರಬರುತ್ತದೆ. ನಾವು ಬಚ್ಚಿಡದಿದ್ದದ್ದು ಒಳ್ಳೆಯದೇ ಆಯಿತು.

ಆದರೆ ಅವನಿಗೆ ಅದು ಗೊತ್ತಾದ ರೀತಿ ನನ್ನನ್ನು ಇವತ್ತಿಗೂ ಸುಡುತ್ತದೆ. ಆಗ ಅವನಿಗೆ ಹದಿನೇಳು. ನಾವು ಹೇಳಲು ಹೊತ್ತು ನೋಡುತ್ತಿದ್ದೆವು. ಅಷ್ಟರಲ್ಲಿ ವಂಶಾವಳಿ ಪುಸ್ತಕಕ್ಕೆ ಕಳಿಸಬೇಕಾದ ಫಾರ್ಮ್ ಊಟದ ಮೇಜಿನ ಮೇಲೆ ಅವನ ಕೈಗೆ ಸಿಕ್ಕಿತು. ‘ವಾರಸುದಾರ’ ಎಂಬಲ್ಲಿ ತಮ್ಮನ ಹೆಸರು. ಬೆರಳಿಟ್ಟು ಎರಡು ಸಲ ಓದಿದ. “ಅಮ್ಮಾ, ಕ್ರಮ ತಪ್ಪಾಗಿದೆ” ಅಂದ.

ಈಗ ನೀವು ಕೇಳಿದ್ದು. ವಿಲ್‌ನಲ್ಲಿ ಮನೆ ಬರೆಯಬಹುದು, ಹೊಲ ಬರೆಯಬಹುದು, ಬಿರುದು ಬರೆಯಲು ಬರುವುದಿಲ್ಲ. ಬಿರುದು ಹೊತ್ತವನಿಗೇ ಅದರ ಮೇಲೆ ಅಧಿಕಾರವಿಲ್ಲ. 1963ರ ಪಿಯರೇಜ್ (ಲಾರ್ಡ್ ದರ್ಜೆಯ ಪದವಿಗಳ) ಕಾಯ್ದೆಯಡಿ ಬ್ರಿಟಿಷ್ ರಾಜಕಾರಣಿ ಟೋನಿ ಬೆನ್ ತಮ್ಮ ವೈಕೌಂಟ್ ಪದವಿ ಬಿಟ್ಟುಕೊಟ್ಟರಲ್ಲ, ಅದೂ ಅವರ ಜೀವಮಾನದ ಮಟ್ಟಿಗೆ ಅಷ್ಟೇ. 2014ರಲ್ಲಿ ಅವರು ತೀರಿದ ಮೇಲೆ ಹಿರಿಯ ಮಗನಿಗೆ ಹೋಯಿತು. ಆದ್ದರಿಂದ ಮಾವನವರ ಹತ್ತಿರ ಈ ಮಾತು ಎತ್ತಲೇಬೇಡಿ.

ಮಗಳಾದರೆ? ಬರುವುದಿಲ್ಲ ಎಂದೇ ಇಟ್ಟುಕೊಳ್ಳಿ. ಸಿಂಹಾಸನಕ್ಕೆ 2013ರ ಕಾಯ್ದೆಯಿಂದ ಗಂಡು ಹೆಣ್ಣು ಭೇದ ಹೋಯಿತು, ಬಿರುದುಗಳಿಗೆ ಹೋಗಲಿಲ್ಲ. 1791ರಲ್ಲಿ ಬೆಂಗಳೂರು ಕೋಟೆ ಹಿಡಿದ ಕಾರ್ನ್‌ವಾಲಿಸ್‌ನ ಮಗನಿಗೆ ಐವರು ಹೆಣ್ಣುಮಕ್ಕಳು. 1823ರಲ್ಲಿ ಅವನು ಸತ್ತಾಗ ಮಾರ್ಕ್ವೆಸ್ ಪದವಿ ಅಳಿಯಿತು, ಅರ್ಲ್ ಪದವಿ ಬಿಷಪ್ ಆಗಿದ್ದ ಚಿಕ್ಕಪ್ಪನಿಗೆ ಹೋಯಿತು. ಮೌಂಟ್‌ಬ್ಯಾಟನ್‌ರ ಪದವಿ 1979ರಲ್ಲಿ ಮಗಳಿಗೆ ಬಂದದ್ದು ಅವರ ಪತ್ರದಲ್ಲೇ ಹಾಗೆಂದು ವಿಶೇಷವಾಗಿ ಬರೆಸಿದ್ದರಿಂದ.

ದತ್ತು ತೆಗೆದುಕೊಂಡರೆ ಎಂದೂ ಕೇಳಿದ್ದೀರಿ. ಆ ಮಗುವಿಗೂ ಇಲ್ಲ. ಇದನ್ನು ಕೇಳಿದಾಗ ನಮ್ಮಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಕಿತ್ತೂರಿನ ದತ್ತಕವನ್ನು 1824ರಲ್ಲಿ ಒಪ್ಪದೆ ಸೈನ್ಯ ತಂದವರು ಬ್ರಿಟಿಷರೇ, 1867ರಲ್ಲಿ ಮೈಸೂರಿನ ದತ್ತಕ ಒಪ್ಪಿದವರೂ ಅವರೇ. ಸ್ವಂತ ಮನೆಯಲ್ಲಿ ಮಾತ್ರ ಇವತ್ತಿಗೂ ಒಪ್ಪಿಲ್ಲ.

ನನ್ನನ್ನು ಕೇಳಿದರೆ ನಿಮ್ಮ ಪ್ರಶ್ನೆಯೇ ಬೇರೆ ಇರಬೇಕಿತ್ತು. ‘ಸರ್’ ಯಾರಿಗೆ ಬರುತ್ತದೆ ಎಂಬುದಕ್ಕಿಂತ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ನಡುವೆ ಒಬ್ಬ ಸಕ್ರಮ, ಒಬ್ಬ ಅಲ್ಲ ಎಂದು ಯಾವುದೋ ಕಾಗದ ಹೇಳದಂತೆ ನೋಡಿಕೊಳ್ಳುವುದು ಹೇಗೆ ಎಂದು ಕೇಳಿ. ಬಿರುದಿನ ಜೊತೆ ನಮಗೆ ಅರಮನೆಯೂ ಬರಲಿಲ್ಲ, ಸಂಸತ್ತಿನ ಕುರ್ಚಿಯೂ ಬರಲಿಲ್ಲ; ಬ್ಯಾರನೆಟ್‌ಗಳು ಲಾರ್ಡ್ ದರ್ಜೆಯ ಪಿಯರ್‌ಗಳೇ ಅಲ್ಲ. ನನ್ನ ಮಗ ಕಳೆದುಕೊಂಡದ್ದು ಮೂರಕ್ಷರವಲ್ಲ. ತಾನು ಹುಟ್ಟುವಾಗ ಅಪ್ಪ ಅಮ್ಮ ತನ್ನನ್ನು ನೆನಪಿಟ್ಟುಕೊಂಡಿರಲಿಲ್ಲ ಎಂದು ಅವನಿಗೆ ಅನ್ನಿಸಿತು. ಹಾಗೆಂದು ನನಗೆ ಒಮ್ಮೆ ಹೇಳಿದ್ದಾನೆ.

ಇಬ್ಬರೂ ಇಂಗ್ಲೆಂಡಿನಲ್ಲೇ ಇದ್ದೀರಿ, ಮೇ ತಿಂಗಳಿಗೆ ಇನ್ನೂ ಹೊತ್ತಿದೆ. ರಿಜಿಸ್ಟರ್ ಆಫೀಸಿನ ನೋಟಿಸ್ 28 ದಿನ, ನೀವು ಬ್ರಿಟಿಷ್ ಪ್ರಜೆ ಅಲ್ಲದ್ದರಿಂದ 70 ದಿನಕ್ಕೂ ಏರಬಹುದು. ಅಪಾಯಿಂಟ್‌ಮೆಂಟ್ ಈ ವಾರವೇ ತೆಗೆದುಕೊಳ್ಳಿ. ಅಲ್ಲಿ ಸಹಿ ಹಾಕಿ ಆಮೇಲೆ ಶಿರಸಿಗೆ ಹೊರಡಿ. ಸರ್ಟಿಫಿಕೇಟಿನ ಎರಡು ಪ್ರತಿ ತೆಗೆದಿಡಿ, ಒಂದು ನಿಮ್ಮ ತಾಯಿಯ ಟ್ರಂಕಿನಲ್ಲಿರಲಿ.