ಹಾಲುವಾಣದ ಚಿಗುರಿಗೆ ಗಂಟು: ಕಾಡಿಗೂ ಔಷಧಿ ಹೊಡೆಸಬೇಕಾ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ. ಮೆಣಸಿನ ಬಳ್ಳಿ ಹಬ್ಬಿಸಿದ ಹಾಲುವಾಣದ ಚಿಗುರೆಲ್ಲ ಗಂಟುಗಂಟಾಗಿ ಮುರುಟಿದೆ. ತೋಟದ ಅಂಚಿಗೇ ಕಾಡಿದೆ. ಅಲ್ಲಿಗೂ ಹರಡುತ್ತಾ? ಎರಡೂ ಕಡೆ ಔಷಧಿ ಹೊಡೆಸಲಾ? ಇಲ್ಲಾ, ಹಾಲುವಾಣ ತೆಗೆದು ಪೂರ್ತಿ ಸಿಲ್ವರ್ ಓಕ್ ಹಾಕಲಾ?

ಉತ್ತರ: ಕಾಡಿನ ಕಡೆ ಮಾತ್ರ ಸ್ಪ್ರೇಯರ್ ಒಯ್ಯಬೇಡಿ, ದಯವಿಟ್ಟು.

ನೀವು ಹೇಳಿದ ಲಕ್ಷಣ ನೋಡಿದರೆ ಇದು ಹಾಲುವಾಣಕ್ಕೆ ಗಂಟು ತರಿಸುವ ಕಣಜ. ಸುಮಾರು ಒಂದೂವರೆ ಮಿಲಿಮೀಟರ್ ಉದ್ದ, ಅಷ್ಟೇ. ಹೊರಗಿನಿಂದ ಬಂದ ಹುಳ. ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟಿದ್ದೇ 2004ರಲ್ಲಿ. ಎರಡು ವರ್ಷದೊಳಗೆ ಕೇರಳದಲ್ಲೂ ಇರುವುದು ವರದಿಯಾಯಿತು. ಹೆಣ್ಣು ಹುಳ ಎಳೆ ಚಿಗುರಿನೊಳಗೆ ಮೊಟ್ಟೆ ಇಡುತ್ತದೆ, ಮರಿ ಗಂಟಿನೊಳಗೇ ಬೆಳೆಯುತ್ತದೆ. ಮೇಲಿಂದ ಹೊಡೆದ ಔಷಧಿ ಒಳಗಿರುವ ಮರಿಗೆ ಸರಿಯಾಗಿ ತಾಗುವುದಿಲ್ಲ. ಸಾಯುವುದು ಜೇನು, ಜೊತೆಗೆ ಈ ಹುಳವನ್ನೇ ತಿನ್ನಬಲ್ಲ ಪರೋಪಕಾರಿ ಕೀಟಗಳು. ಕಾಂಡಕ್ಕೆ ಚುಚ್ಚಿ ಕೊಡುವ ಔಷಧಿ ಉಂಟು, ಆದರೆ ಅದು ಹೂವಿನ ಮಕರಂದಕ್ಕೂ ಸೇರಬಹುದು. ಮೆಣಸು ಹಬ್ಬಿದ ಮರಕ್ಕಂತೂ ಅದು ಬೇಡವೇ ಬೇಡ.

ಕಾಡಿನ ಹಲಸು, ಹೊನ್ನೆ, ನಂದಿಗೆ ಇದರಿಂದ ಭಯವಿಲ್ಲ. ಇದು ಹಾಲುವಾಣದ ಕುಲಕ್ಕೇ ಬೀಳುವ ಹುಳ. ಆದರೆ ಕಾಡಲ್ಲೂ ಅದರ ದಾಯಾದಿ ಮರಗಳಿವೆ, ಅಲ್ವಾ? ಹಾಗಾಗಿ ನೆಡಲು ಕಡಿಯುವ ಕೊಂಬೆಯ ಗೂಟದ ಬಗ್ಗೆ ತುಂಬಾ ಎಚ್ಚರ ಬೇಕು. ಗಂಟು ಬಂದ ತೋಟದಿಂದ ಹಾಲುವಾಣದ ಗೂಟ ತರಲೂಬೇಡಿ, ಯಾರಿಗೂ ಕೊಡಲೂಬೇಡಿ. ಮರಗಸಿ (ನೆರಳು ಮರದ ಕೊಂಬೆ ಸವರುವುದು) ಮಾಡುವಾಗ ಗಂಟಿನ ಚಿಗುರನ್ನು ಅಲ್ಲೇ ಬಿಸಾಡದೆ ಅದೇ ದಿನ ಸುಟ್ಟುಬಿಡಿ. ಮೊಟ್ಟೆಯಿಂದ ಹಾರುವ ಹುಳವಾಗಲು ಮೂರು ವಾರ ಸಾಕು.

ಹವಾಯಿ ದ್ವೀಪಗಳಿಗೆ ಇದೇ ಕಣಜ 2005ರಲ್ಲಿ ನುಗ್ಗಿ ಅಲ್ಲಿನ ಕಾಡು ಹಾಲುವಾಣವನ್ನು ಬೋಳಿಸಿತ್ತು. ಆಫ್ರಿಕಾದಿಂದ ಈ ಕಣಜದ ಶತ್ರು ಕೀಟವನ್ನು ಹುಡುಕಿ ತಂದು, ಪರೀಕ್ಷೆ ಮಾಡಿ 2008ರಲ್ಲಿ ಬಿಟ್ಟರು. ಮರಗಳು ಮತ್ತೆ ಚಿಗುರಿದವು, ಹೂ ಮತ್ತು ಬೀಜಕ್ಕೆ ಕಣಜದ ಕಾಟ ಮಾತ್ರ ಪೂರ್ತಿ ನಿಲ್ಲಲಿಲ್ಲ. ನಮ್ಮಲ್ಲೂ 2010ರಲ್ಲಿ ಪಪ್ಪಾಯಿಯ ಹಿಟ್ಟು ತಿಗಣೆಯನ್ನು ಹೀಗೇ ಹತೋಟಿಗೆ ತಂದದ್ದು.

ಪೂರ್ತಿ ಸಿಲ್ವರ್ ಓಕ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಒಂದೇ ಜಾತಿಯ ನೆರಳು ಇನ್ನೊಂದು ಹುಳಕ್ಕೆ ಹಾಸಿಕೊಟ್ಟ ಎಲೆ. ಸತ್ತ ಮರದ ಜಾಗಕ್ಕೆ ಅತ್ತಿ, ಹಲಸು, ಬಸರಿ, ಹೊನ್ನೆ ಬೆರೆಸಿ ಹಾಕಿ. ಚೇತರಿಸುವ ಹಾಲುವಾಣ ಇರಲಿ, ಅದು ಮಣ್ಣಿಗೆ ಸಾರಜನಕ ಕೊಡುವ ಮರ.

ಕಾಡಂಚಿನ ಮರದಲ್ಲಿ ಗಂಟು ಕಂಡರೆ ನೀವೇ ಕಡಿಯಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ನಿಮ್ಮ ತೋಟದ ಗಂಟಿನ ಚಿಗುರನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ಕೀಟ ತಜ್ಞರಿಗೆ ತೋರಿಸಿ.